ಲೆವೆಲ್ 17 ದಾಟಿದ ಫೈಟರ್‌ಗೆ ಸ್ವಂತ ಅಬಿಲಿಟಿ ಬರೆಯುವುದು ಹೇಗೆ?

ಪ್ರಶ್ನೆ

ನಮಸ್ಕಾರ ಸರ್. ನಾವು ಐದು ಜನ ದಾವಣಗೆರೆಯಲ್ಲಿ ಭಾನುವಾರ ಸೇರಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡ್ತೀವಿ, ಕಥೆಯ ಪಾತ್ರಗಳಾಗಿ ದಾಳ ಉರುಳಿಸಿ ಆಡುವ ಆಟ. 5ನೇ ಆವೃತ್ತಿ, 2014ರ ನಿಯಮಗಳು. ಆಟ ನಡೆಸುವ ಡಿಎಂ ನಾನೇ. ಲೋಕ ಮಾತ್ರ ನಮ್ಮದು, ಚಿತ್ರದುರ್ಗದ ಕೋಟೆ ನೋಡಿಕೊಂಡು ಕಟ್ಟಿದ್ದು. ಫೈಟರ್ (ಯೋಧೆ), ರೋಗ್ (ಕಳ್ಳ), ವಿಝರ್ಡ್ (ಮಾಂತ್ರಿಕ), ಕ್ಲೆರಿಕ್ (ಪೂಜಾರಿ) ನಾಲ್ವರೂ ಈಗ ಲೆವೆಲ್ 17. ಒನಕೆ ಹಿಡಿದ ಫೈಟರ್ ಆಡುವವಳಿಗೆ ಬೇಸರ. "ವಿಝರ್ಡ್ ಆಕಾಶದಿಂದ ಉಲ್ಕೆ ಬೀಳಿಸ್ತಾನೆ, ನಾನು ಇನ್ನೂ ಮೂರು ಏಟು ಹಾಕ್ತಾ ಕೂತಿದೀನಿ" ಅಂತಾಳೆ. ಅದಕ್ಕೆ 'ವೀರಾವೇಶ' ಅಂತ ಒಂದು ಅಬಿಲಿಟಿ ಬರೆದುಕೊಟ್ಟೆ: ದಿನಕ್ಕೊಮ್ಮೆ, 1 ನಿಮಿಷ, ತಗುಲಿದ ಪ್ರತಿ ಏಟಿಗೂ 4ಡಿ6 (ಆರು ಮುಖದ ನಾಲ್ಕು ದಾಳದ ಮೊತ್ತ) ಹೆಚ್ಚು ಡ್ಯಾಮೇಜ್, ಎಸಿಗೆ (ಏಟು ತಗುಲದಂತೆ ಕಾಯುವ ಅಂಕಿ) +5. ಆಮೇಲೆ ಯಾವ ಕಾಳಗವೂ ಎರಡು ರೌಂಡ್ ದಾಟುತ್ತಿಲ್ಲ. ಆದರೂ ಅವಳ ಬೇಸರ ಹೋಗಿಲ್ಲ. ರೋಗ್‌ಗೂ ಗೋಡೆ ಹತ್ತುವ ದೊಡ್ಡ ಅಬಿಲಿಟಿ ಒಂದನ್ನು ಕೊಡಬೇಕೆಂದಿದ್ದೇನೆ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ

ಡ್ಯಾಮೇಜ್ ಎರಡರಷ್ಟಾದ ಮೇಲೂ ಬೇಸರ ಹೋಗಿಲ್ಲ ಎಂದು ನೀವೇ ಬರೆದಿದ್ದೀರಿ. ಹಾಗಾದರೆ ಅವಳಿಗೆ ಕೊರತೆ ಇದ್ದದ್ದು ಡ್ಯಾಮೇಜಿನದ್ದಲ್ಲ. ಲೆಕ್ಕ ಹಾಕಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ.

ಲೆವೆಲ್ 17ರ ಫೈಟರ್‌ಗೆ ಸ್ಟ್ರೆಂತ್ 20 (ಅಂದರೆ +5), ಪ್ರೊಫಿಷಿಯೆನ್ಸಿ (ಪಳಗಿದ್ದಕ್ಕೆ ಸಿಗುವ ಬೋನಸ್) +6, ಕೈಯಲ್ಲೊಂದು +2 ಒನಕೆ ಎಂದಿಟ್ಟುಕೊಳ್ಳಿ. ಒನಕೆಗೆ ಎರಡು ಕೈಯಲ್ಲಿ ಹಿಡಿಯುವ ದೊಡ್ಡ ಸುತ್ತಿಗೆಯ ಲೆಕ್ಕವನ್ನೇ ಕೊಡಿ, ಅಂದರೆ 2ಡಿ6. ಅಟ್ಯಾಕ್ +13, ತಗುಲಿದರೆ ಸರಾಸರಿ 14. ಎದುರಿಗೆ ಅಡಲ್ಟ್ ರೆಡ್ ಡ್ರ್ಯಾಗನ್: ಎಸಿ 19, ಎಚ್‌ಪಿ (ಜೀವಬಲ) 256. ಡಿ20 (20 ಮುಖದ ದಾಳ) ಉರುಳಿಸಿ 13 ಕೂಡಿಸಿದಾಗ ಎಸಿ ಮುಟ್ಟಬೇಕು, ಹಾಗಾಗಿ 6 ಅಥವಾ ಹೆಚ್ಚು ಬಿದ್ದರೆ ಸಾಕು, ಅಂದರೆ ಶೇ 75. ಕ್ರಿಟಿಕಲ್ (20 ಬಿದ್ದಾಗ ಡ್ಯಾಮೇಜ್ ದಾಳ ಎರಡರಷ್ಟು) ಸೇರಿಸಿ ಒಂದು ಅಟ್ಯಾಕಿಗೆ ಸರಾಸರಿ 10.85, ಮೂರಕ್ಕೆ ಸುಮಾರು 32, ಮೂರು ಏಟನ್ನು ಆರು ಮಾಡುವ ಆ್ಯಕ್ಷನ್ ಸರ್ಜ್ ಬಳಸಿದ ರೌಂಡಿನಲ್ಲಿ 65.

ಈಗ ವಿಝರ್ಡಿನ ಉಲ್ಕಾಪಾತ, ಮೀಟಿಯರ್ ಸ್ವಾರ್ಮ್. 20ಡಿ6 ಬೆಂಕಿ, 20ಡಿ6 ಕಲ್ಲಿನ ಹೊಡೆತ. ರೆಡ್ ಡ್ರ್ಯಾಗನ್ನಿಗೆ ಬೆಂಕಿ ತಾಗುವುದೇ ಇಲ್ಲ, ಉಳಿದದ್ದು 70. ಸೇವ್ (ಪಾರಾಗಲು ಉರುಳಿಸುವ ದಾಳ) ಗೆಲ್ಲಲು ಮುಟ್ಟಬೇಕಾದ ಅಂಕಿ, ಡಿಸಿ, 19. ಡ್ರ್ಯಾಗನ್ನಿನ ಡೆಕ್ಸ್ (ಚುರುಕಿನ) ಸೇವ್ +6. ಶೇ 60 ಸಲ ಪೂರ್ತಿ, ಉಳಿದ ಸಲ ಅರ್ಧ, ಸರಾಸರಿ 56. ಬೆಂಕಿ ತಾಗುವ, ಅದೇ ಸೇವ್ ಇರುವ ಬೇರೆ ಶತ್ರುವಾದರೆ 112. ಆದರೆ ಅದು ದಿನಕ್ಕೊಮ್ಮೆ. ಅವಳ ಸರ್ಜ್ ಲೆವೆಲ್ 17ರಿಂದ ಪ್ರತಿ ಶಾರ್ಟ್ ರೆಸ್ಟಿಗೆ (ಚಿಕ್ಕ ವಿಶ್ರಾಂತಿ) ಎರಡು ಸಲ. ಒಂಟಿ ಶತ್ರುವಿನ ಎದುರು ಅವಳು ಆಗಲೇ ಸಮಬಲದಲ್ಲಿದ್ದಳು.

ವೀರಾವೇಶ ಬಂದ ಮೇಲೆ ಒಂದು ಅಟ್ಯಾಕಿನ ಸರಾಸರಿ 22ಕ್ಕೆ ಏರಿತು. ಸರ್ಜ್ ಇರುವ ಎರಡು ರೌಂಡ್ ಸೇರಿದರೆ 264. ಡ್ರ್ಯಾಗನ್ನಿನ ಎಚ್‌ಪಿ 256. ಎರಡು ರೌಂಡಿನಲ್ಲಿ ಯಾಕೆ ಮುಗಿಯುತ್ತಿದೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಎಸಿ +5 ಇದಕ್ಕಿಂತ ಕೆಟ್ಟದ್ದು, ಏಕೆಂದರೆ ಅದರ ಹಾನಿ ಬೇರೆಯವರ ಮೇಲೆ ಬೀಳುತ್ತದೆ. ಡ್ರ್ಯಾಗನ್ನಿನ ಕಡಿತ +14. ಅವಳ ಎಸಿ 20 ಇದ್ದಾಗ ಶೇ 75 ತಗುಲುತ್ತಿತ್ತು, 25 ಆದಾಗ ಶೇ 50. ಇದನ್ನು ಸರಿದೂಗಿಸಲು ನೀವು ಶತ್ರುವಿನ ಅಟ್ಯಾಕನ್ನು +19ಕ್ಕೆ ಏರಿಸಿದಿರಿ ಎನ್ನಿ. ಅವಳ ಪಾಲಿಗೆ ಮತ್ತೆ ಶೇ 75, ಆದರೆ ಎಸಿ 20ರ ಕ್ಲೆರಿಕ್‌ಗೆ ಶೇ 95. ಈ ಆವೃತ್ತಿಯ ಇಡೀ ಗಣಿತ ನಿಂತಿರುವುದು ಎಸಿ ಮತ್ತು ಅಟ್ಯಾಕ್ ಬೋನಸ್ ಹೆಚ್ಚು ಏರಬಾರದು ಎಂಬುದರ ಮೇಲೆ. ಸ್ವಂತ ಅಬಿಲಿಟಿಯಲ್ಲಿ ಈ ಎರಡಕ್ಕೂ ನೇರವಾಗಿ ಕೈ ಹಾಕಬೇಡಿ. ಅಷ್ಟು ಬೇಕೇ ಬೇಕೆಂದರೆ ಅಡ್ವಾಂಟೇಜ್ ಕೊಡಿ, ಅಂದರೆ ಎರಡು ಡಿ20 ಉರುಳಿಸಿ ದೊಡ್ಡದನ್ನು ಎಣಿಸುವುದು. ಅದು ಒಂದರ ಮೇಲೊಂದು ಪೇರುವುದಿಲ್ಲ. ಎರಡು ಕಡೆಯಿಂದ ಬಂದರೂ ಎರಡೇ ದಾಳ.

ಹಾಗಾದರೆ ಅವಳಿಗೆ ಬೇಕಾದದ್ದು ಏನು? ವಿಝರ್ಡ್ ಆಡುವವನು ತನ್ನ ಸರದಿಯಲ್ಲಿ ಏನು ಹೇಳುತ್ತಾನೆ ಎಂದು ಕೇಳಿಸಿಕೊಳ್ಳಿ. "ಇಲ್ಲಿ ಗೋಡೆ ಏಳುತ್ತದೆ." "ನಾವೆಲ್ಲ ಈಗ ಬೇರೆ ಊರಲ್ಲಿದ್ದೇವೆ." ಅವನು ಹೇಳಿದ್ದು ಆಗುತ್ತದೆ, ನೀವು ಡಿಎಂ ಆಗಿ ಅದನ್ನು ಒಪ್ಪಿಕೊಂಡು ಮುಂದೆ ಹೋಗುತ್ತೀರಿ. ಫೈಟರ್ ಮಾತ್ರ ಪ್ರತಿ ಸಲ ನಿಮ್ಮನ್ನು ಕೇಳುತ್ತಾಳೆ: "ತಗುಲಿತಾ?" ಲೆವೆಲ್ 17ರ ಮೇಲಿನ ಅಬಿಲಿಟಿ ಎಂದರೆ, ಆಟದಲ್ಲಿ ಯಾವುದೋ ಒಂದು ವಿಷಯವನ್ನು ಇನ್ನು ಮೇಲೆ ಆ ಪಾತ್ರವೇ ತೀರ್ಮಾನಿಸುತ್ತದೆ ಎನ್ನುವ ಹಕ್ಕು. ಹಾಗಾಗಿ ಮೊದಲು ಒಂದೇ ಒಂದು ವಾಕ್ಯ ಬರೆಯಿರಿ, ಅದರಲ್ಲಿ ಅಂಕಿ ಇರಕೂಡದು: "ಇವಳು ನಿಂತ ಕಿಂಡಿಯನ್ನು ಯಾರೂ ದಾಟಲಾರರು." ಅಂಕಿಗಳೆಲ್ಲ ಆಮೇಲೆ, ಆ ವಾಕ್ಯದ ಬೆಲೆ ಕಟ್ಟಲು.

ಒನಕೆ ಕೈಯಲ್ಲಿರುವಾಗ ಈ ವಾಕ್ಯವನ್ನು ಬೇರೆಲ್ಲೂ ಹುಡುಕಬೇಕಿಲ್ಲ. ಓಬವ್ವನ ಕಥೆಯಲ್ಲಿ ಅವಳ ತೋಳ್ಬಲಕ್ಕಿಂತ ದೊಡ್ಡದು ಎರಡು ಸಂಗತಿ. ಹೈದರನ ಸೈನಿಕರು ಒಬ್ಬೊಬ್ಬರಾಗಿಯೇ ನುಸುಳಬೇಕಾದ ಜಾಗದಲ್ಲಿ ಅವಳು ನಿಂತಳು. ಬಿದ್ದವನನ್ನು ಪಕ್ಕಕ್ಕೆ ಎಳೆದು ಹಾಕುತ್ತ ಹೋದಳು, ಆಚೆ ಇದ್ದವನಿಗೆ ಈಚೆ ಏನಾಗುತ್ತಿದೆ ಎಂಬುದೇ ಗೊತ್ತಾಗಲಿಲ್ಲ. ಇವೆರಡೂ ಆಟದ ನಿಯಮವಾಗಬಲ್ಲ ವಿಷಯಗಳು. ನಿಮ್ಮ ವೀರಾವೇಶದಲ್ಲಿ ಇವೆರಡೂ ಇರಲಿಲ್ಲ.

ಬರೆಯುವ ಮೊದಲು ಎರಡು ಪರಿಶೀಲನೆ. ಒಂದು, ಯಾವ ಲೆವೆಲ್‌ನಲ್ಲಿ ಕೊಡುತ್ತೀರಿ? ಫೈಟರ್‌ಗೆ ಸಬ್‌ಕ್ಲಾಸ್ (ಆಡುವವರು ಆರಿಸಿಕೊಳ್ಳುವ ಉಪವರ್ಗ) ಅಬಿಲಿಟಿಗಳು ಬರುವುದು 3, 7, 10, 15 ಮತ್ತು 18ರಲ್ಲಿ. 17ರಲ್ಲಿ ಅವಳಿಗೆ ಎರಡನೇ ಸರ್ಜ್, ಮೂರನೇ ಇನ್‌ಡಾಮಿಟಬಲ್ (ಸೋತ ಸೇವ್ ಅನ್ನು ಮತ್ತೆ ಉರುಳಿಸುವ ಅವಕಾಶ) ಆಗಲೇ ಸಿಕ್ಕಿವೆ. ನಿಮ್ಮದನ್ನು 18ಕ್ಕೆ ಇಡಿ, ಅಲ್ಲಿ ಪುಸ್ತಕ ಕೊಡುವ ಸಬ್‌ಕ್ಲಾಸ್ ಅಬಿಲಿಟಿಗೆ ಬದಲಾಗಿ. ಮೇಲೆ ಸೇರಿಸಿದರೆ ಅದು ಉಡುಗೊರೆಯಾಗುತ್ತದೆ, ಉಳಿದ ಮೂವರೂ ಕೈ ಚಾಚುತ್ತಾರೆ.

ಎರಡು, ಅಚ್ಚಾದ ನಿಯಮಗಳಲ್ಲಿ ಇಂಥದ್ದು ಈಗಾಗಲೇ ಇದೆಯೇ, ಎಷ್ಟು ಬೆಲೆಗೆ? ಇದೆ. 2017ರ ಪೂರಕ ಪುಸ್ತಕದ ಕ್ಯಾವಲಿಯರ್ ಎಂಬ ಸಬ್‌ಕ್ಲಾಸಿನ ಫೈಟರ್‌ಗೆ ಲೆವೆಲ್ 10ರಲ್ಲಿ ಆಪರ್ಚುನಿಟಿ ಅಟ್ಯಾಕ್ (ಪಕ್ಕದಲ್ಲಿ ಚಲಿಸುವ ಶತ್ರುವಿಗೆ ಅದರ ಸರದಿಯಲ್ಲೇ ಹಾಕುವ ಏಟು) ತಗುಲಿದರೆ ಶತ್ರುವಿನ ವೇಗ 0 ಆಗುತ್ತದೆ. ಲೆವೆಲ್ 18ರಲ್ಲಿ ತನ್ನ ಸರದಿ ಬಿಟ್ಟು ಪ್ರತಿ ಜೀವಿಯ ಸರದಿಯಲ್ಲೂ ಒಂದೊಂದು ಆಪರ್ಚುನಿಟಿ ಅಟ್ಯಾಕ್ ಮಾಡಬಹುದು, ಅದೂ ದಿನವಿಡೀ, ಎಲ್ಲಿ ಬೇಕಾದರೂ. ಇದು ನಿಮ್ಮ ಅಳತೆಗೋಲು. ಇದಕ್ಕಿಂತ ಕಡಿಮೆ ಕೊಟ್ಟರೆ ಅವಳಿಗೆ ನಷ್ಟ. ಹೆಚ್ಚು ಕೊಟ್ಟರೆ ಸಮಯ, ಜಾಗ ಎರಡಕ್ಕೂ ಮಿತಿ ಹಾಕಬೇಕು.

ಹಾಗೆ ಬೆಲೆ ಕಟ್ಟಿ ಬರೆದರೆ ಹೀಗಾಗುತ್ತದೆ.

ಕಿಂಡಿ ಕಾವಲು (ಫೈಟರ್, ಲೆವೆಲ್ 18). 10 ಅಡಿಗಿಂತ ಅಗಲವಿಲ್ಲದ ಬಾಗಿಲು, ಕಿಂಡಿ, ಮೆಟ್ಟಿಲು ಅಥವಾ ಸೇತುವೆಯೊಳಗೆ, ಇಲ್ಲವೇ ಅದಕ್ಕೆ ತಾಗಿದ ಚೌಕದಲ್ಲಿ (ಮ್ಯಾಪಿನಲ್ಲಿ 5 ಅಡಿ) ನಿಂತಿರುವಾಗ ಬೋನಸ್ ಆ್ಯಕ್ಷನ್ (ಸರದಿಯಲ್ಲಿ ಸಿಗುವ ಹೆಚ್ಚುವರಿ ಸಣ್ಣ ಕ್ರಿಯೆ) ಕೊಟ್ಟು ಕಾವಲು ಶುರು ಮಾಡಬಹುದು. ಕಾವಲು 1 ನಿಮಿಷ ಇರುತ್ತದೆ. ನೀವು ಆ ಚೌಕಗಳನ್ನು ಬಿಟ್ಟರೆ ಅಥವಾ ಇನ್‌ಕೆಪಾಸಿಟೇಟೆಡ್ (ಏನೂ ಮಾಡಲಾಗದ ಸ್ಥಿತಿ) ಆದರೆ ಮುಗಿಯುತ್ತದೆ. ಕಾವಲು ಇರುವಾಗ, ಶತ್ರು ತನ್ನ ಸರದಿಯಲ್ಲಿ ತಾನೇ ಚಲಿಸಿ ಆ ದಾರಿಯಲ್ಲಿ ನಿಮಗೆ ಎಟುಕುವ ಚೌಕಕ್ಕೆ ಬಂದರೆ, ರಿಯಾಕ್ಷನ್ (ಬೇರೆಯವರ ಸರದಿಯಲ್ಲಿ ಮಾಡುವ ಪ್ರತಿಕ್ರಿಯೆ) ಖರ್ಚಿಲ್ಲದೆ ಅದರ ಮೇಲೆ ಒಂದು ಮೆಲೀ (ಕೈಗೆಟುಕುವ ದೂರದ) ಅಟ್ಯಾಕ್ ಮಾಡಬಹುದು. ಒಂದು ಜೀವಿಗೆ ಅದರ ಒಂದು ಸರದಿಯಲ್ಲಿ ಒಮ್ಮೆ ಮಾತ್ರ. ಈ ಅಟ್ಯಾಕ್ ತಗುಲಿದರೆ ಆ ಸರದಿ ಮುಗಿಯುವವರೆಗೆ ಅದರ ವೇಗ 0. ಡ್ಯಾಮೇಜ್ ಕಳೆದ ಮೇಲೆ ಅದಕ್ಕೆ 40 ಅಥವಾ ಕಡಿಮೆ ಎಚ್‌ಪಿ ಉಳಿದಿದ್ದರೆ 0ಗೆ ಇಳಿಯುತ್ತದೆ. ಹಾಗೆ ಬಿದ್ದ ಜೀವಿಯ ಸದ್ದು, ನೋಟ ದಾರಿಯ ಆಚೆಗಿರುವವರಿಗೆ ತಲುಪುವುದಿಲ್ಲ. ಕಾವಲು ಒಮ್ಮೆ ಮುಗಿದರೆ ಶಾರ್ಟ್ ಅಥವಾ ಲಾಂಗ್ ರೆಸ್ಟ್ (ದೀರ್ಘ ವಿಶ್ರಾಂತಿ) ಆಗುವವರೆಗೆ ಮತ್ತೆ ಇಲ್ಲ.

40 ಎಂಬ ಅಂಕಿ ಎಲ್ಲಿಂದ ಬಂತು? 9ನೇ ಲೆವೆಲ್‌ನ ಪವರ್ ವರ್ಡ್ ಕಿಲ್ ಸ್ಪೆಲ್ 100 ಅಥವಾ ಕಡಿಮೆ ಎಚ್‌ಪಿ ಇರುವ ಜೀವಿಯನ್ನು ಸೇವ್ ಇಲ್ಲದೆ, 60 ಅಡಿ ದೂರದಿಂದ ಕೊಲ್ಲುತ್ತದೆ. ಅದು ದಿನಕ್ಕೊಮ್ಮೆ, ಒಬ್ಬನಿಗೆ. ಇದು ಹಲವರಿಗೆ, ಆದ್ದರಿಂದ ಮಿತಿ ಅದರ ಅರ್ಧಕ್ಕಿಂತ ಕೆಳಗಿರಬೇಕು. ಅಲ್ಲಿಂದ ಮುಂದೆ, ನಿಮ್ಮ ಶತ್ರು ಸೈನ್ಯದಲ್ಲಿ ಯಾರು ಒಂದೇ ಏಟಿಗೆ ಬೀಳಬೇಕು ಎಂದು ನೋಡಿ. ನಿಯಮಪುಸ್ತಕದ ಗಾರ್ಡ್ 11 ಎಚ್‌ಪಿ, ನೈಟ್ 52, ವೆಟರನ್ 58, ಗ್ಲ್ಯಾಡಿಯೇಟರ್ 112. ಅವಳ ಏಟು ಸರಾಸರಿ 14. ನೈಟ್‌ಗೆ 38 ಉಳಿಯುತ್ತದೆ, ಬೀಳುತ್ತಾನೆ. ವೆಟರನ್‌ಗೆ 44, ಎರಡನೇ ಏಟು ಬೇಕು. ಗ್ಲ್ಯಾಡಿಯೇಟರ್‌ಗೆ ಆರು ಏಟು. ಸಾಮಾನ್ಯ ಸೈನಿಕ ಉರುಳುತ್ತಾನೆ, ಹೆಸರಿರುವ ಸರದಾರ ಎದುರು ನಿಲ್ಲುತ್ತಾನೆ. ಮಿತಿಯನ್ನು 30 ಮಾಡಿದರೆ ನೈಟ್ ಉಳಿದುಬಿಡುತ್ತಾನೆ, 60 ಮಾಡಿದರೆ ವೆಟರನ್‌ಗೂ ನೈಟ್‌ಗೂ ವ್ಯತ್ಯಾಸ ಉಳಿಯುವುದಿಲ್ಲ. ಡ್ರ್ಯಾಗನ್ನಿಗೆ ಈ 40 ಅನ್ವಯಿಸಬಾರದು ಎಂದು ವಿನಾಯಿತಿ ಬರೆಯಬೇಡಿ. ಅದರ 256ರಲ್ಲಿ 40 ಎಂದರೆ ಆರರಲ್ಲೊಂದು ಪಾಲಿಗಿಂತ ಕಡಿಮೆ. ಅಷ್ಟು ದೊಡ್ಡ ಪ್ರಾಣಿ ಮೈ ಕುಗ್ಗಿಸಿಕೊಂಡು 10 ಅಡಿಯ ಬಾಗಿಲಿಗೆ ನುಗ್ಗಿದರೆ ಸಾಯಲಿ ಬಿಡಿ. ಬುದ್ಧಿ ಇರುವ ಡ್ರ್ಯಾಗನ್ ಮೇಲಿಂದ ಹಾರಿ ಬರುತ್ತದೆ.

ಮ್ಯಾಪಿನ ಮೇಲೆ ಇಟ್ಟು ನೋಡಿ, ಅಬಿಲಿಟಿಯ ನಿಜವಾದ ರುಚಿ ಅಲ್ಲಿ ಗೊತ್ತಾಗುತ್ತದೆ. 5 ಅಡಿಯ ಕಿಂಡಿಯಾದರೆ ಅವಳು ಒಳಗಡೆ, ಗೋಡೆಯ ಮರೆಯ ಚೌಕದಲ್ಲಿ ನಿಂತರೂ ಕಿಂಡಿಯ ಚೌಕ ಮೂಲೆಯಿಂದ ಎಟುಕುತ್ತದೆ. ಆಚೆಯ ಬಿಲ್ಲುಗಾರರಿಗೆ ಅವಳು ಕಾಣುವುದೇ ಇಲ್ಲ. 10 ಅಡಿಯ ಹೆಬ್ಬಾಗಿಲು ಎಂದರೆ ಎರಡು ಚೌಕ. ಗೋಡೆಯ ಮರೆಯಲ್ಲಿ ನಿಂತರೆ ಹತ್ತಿರದ ಚೌಕ ಎಟುಕುತ್ತದೆ, ದೂರದ್ದು ಎಟುಕುವುದಿಲ್ಲ, ಶತ್ರು ಆ ಕಡೆಯಿಂದ ನುಸುಳುತ್ತಾನೆ. ಎರಡನ್ನೂ ಕಾಯಬೇಕೆಂದರೆ ಬಾಗಿಲಿಗೆ ಎದುರಾಗಿ ನಿಲ್ಲಬೇಕು, ಆಗ ಬಾಣಗಳೆಲ್ಲ ಅವಳ ಎದೆಗೆ. ಅಬಿಲಿಟಿಯಲ್ಲಿ ಒಂದು ಅಕ್ಷರವೂ ಹೆಚ್ಚಿಲ್ಲದೆ, ಎಲ್ಲಿ ನಿಲ್ಲಬೇಕು ಎಂಬುದೇ ಅವಳ ಪ್ರತಿ ಸಲದ ನಿರ್ಧಾರವಾಯಿತು. ಉದ್ದನೆಯ ಆಯುಧ ಹಿಡಿದು 10 ಅಡಿ ಎಟುಕಿಸಿಕೊಂಡರೆ ಈ ಕಷ್ಟ ತಪ್ಪುತ್ತದೆ, ಆದರೆ ಏಟು 2ಡಿ6ರಿಂದ 1ಡಿ10ಕ್ಕೆ ಇಳಿಯುತ್ತದೆ. ಅದೂ ನ್ಯಾಯವೇ.

ಎಸಿ 18ರ ನೈಟ್‌ಗೆ +13 ಅಟ್ಯಾಕ್ ಶೇ 80 ತಗುಲುತ್ತದೆ. ಹತ್ತು ಮಂದಿ ನುಗ್ಗಿದರೆ ಇಬ್ಬರು ದಾಟುತ್ತಾರೆ ಎಂದೇ ಲೆಕ್ಕ. ಈ ಇಬ್ಬರನ್ನು ತೆಗೆದುಹಾಕಲು 'ಕಾವಲಿನ ಏಟು ತಪ್ಪುವುದೇ ಇಲ್ಲ' ಎಂದು ಬರೆಯುವ ಆಸೆಯಾಗುತ್ತದೆ. ಬೇಡ. ದಾಟಿದ ಇಬ್ಬರನ್ನು ನೋಡಿಕೊಳ್ಳಲು ರೋಗ್ ಇದ್ದಾನೆ, ಕ್ಲೆರಿಕ್ ಇದ್ದಾನೆ. ಒಬ್ಬಳೇ ಎಲ್ಲವನ್ನೂ ಮುಗಿಸಿದರೆ ಉಳಿದ ಮೂವರು ಪ್ರೇಕ್ಷಕರು. ಸೈನಿಕರ ಗುಂಪು ಬಂದಾಗ ಒಬ್ಬೊಬ್ಬರಿಗೆ ಒಂದೊಂದು ಸಲ ದಾಳ ಉರುಳಿಸಿ ಹೊತ್ತು ಕಳೆಯಬೇಡಿ. ಹತ್ತು ಡಿ20 ಒಟ್ಟಿಗೆ ಉರುಳಿಸಿ, 5ಕ್ಕಿಂತ ಕೆಳಗೆ ಬಿದ್ದವುಗಳನ್ನು ಎಣಿಸಿದರೆ ಎಷ್ಟು ಜನ ದಾಟಿದರು ಎಂದು ತಿಳಿಯುತ್ತದೆ. 11 ಎಚ್‌ಪಿಯ ಗಾರ್ಡ್‌ಗಳಿಗೆ ಡ್ಯಾಮೇಜ್ ರೋಲ್ ಮಾಡುವುದೂ ಬೇಕಿಲ್ಲ.

'ತನ್ನ ಸರದಿಯಲ್ಲಿ ತಾನೇ ಚಲಿಸಿ' ಎಂಬ ಮಾತನ್ನು ಅಳಿಸಬೇಡಿ. ಅದಿಲ್ಲದಿದ್ದರೆ ವಿಝರ್ಡ್ ಥಂಡರ್‌ವೇವ್‌ನಿಂದ ಶತ್ರುಗಳನ್ನು ಕಿಂಡಿಯೊಳಗೆ ತಳ್ಳುತ್ತಾನೆ, ಅವಳು ಜಜ್ಜುತ್ತಾಳೆ, ಮುಂದಿನ ರೌಂಡಿಗೆ ಮತ್ತೆ ಅದೇ. 'ಒಂದು ಜೀವಿಗೆ ಅದರ ಒಂದು ಸರದಿಯಲ್ಲಿ ಒಮ್ಮೆ' ಇಲ್ಲದಿದ್ದರೆ ಏಟು ತಪ್ಪಿಸಿಕೊಂಡು ಒಳಗೆ ಹೊರಗೆ ಓಡಾಡುವ ಒಬ್ಬನ ಮೇಲೇ ನಾಲ್ಕು ಅಟ್ಯಾಕ್ ಆಗುತ್ತದೆ. ವಾಲ್ ಆಫ್ ಸ್ಟೋನ್ ಸ್ಪೆಲ್‌ನಿಂದ ಬಯಲಿನಲ್ಲೇ ಗೋಡೆ ಎಬ್ಬಿಸಿ, ನಡುವೆ 5 ಅಡಿ ಸಂದಿ ಬಿಟ್ಟು "ಇಗೋ ಕಿಂಡಿ" ಎಂದು ವಿಝರ್ಡ್ ಹೇಳಿದರೆ ಮಾತ್ರ ಸಂತೋಷದಿಂದ ಒಪ್ಪಿ. ಅದಕ್ಕೆ 5ನೇ ಲೆವೆಲ್‌ನ ಸ್ಲಾಟ್ (ಸ್ಪೆಲ್ ಹಾಕುವ ಒಂದು ಅವಕಾಶ) ಹೋಗಿದೆ, ಅವನ ಕಾನ್ಸಂಟ್ರೇಷನ್ (ಸ್ಪೆಲ್ ಹಿಡಿದಿಡುವ ಏಕಾಗ್ರತೆ) ಅಲ್ಲಿ ಕಟ್ಟುಬಿದ್ದಿದೆ, ಇಬ್ಬರು ಸೇರಿ ಯೋಚಿಸಿದ್ದಾರೆ. ಟೆಲಿಪೋರ್ಟ್, ಮಿಸ್ಟಿ ಸ್ಟೆಪ್, ಸುರಂಗ, ಹಾರಾಟ, ಕಿಂಡಿಯೊಳಕ್ಕೆ ಎಸೆದ ಫೈರ್‌ಬಾಲ್ ಇವೆಲ್ಲ ಕಾವಲನ್ನು ದಾಟುವ ದಾರಿಗಳಾಗಿ ಉಳಿಯಬೇಕು. ಶತ್ರುವಿಗೆ ಉತ್ತರವೇ ಇಲ್ಲದ ಅಬಿಲಿಟಿಯನ್ನು ಮೂರನೇ ಸೆಷನ್ನಿಗೆ ನೀವೇ ಕಿತ್ತುಕೊಳ್ಳುತ್ತೀರಿ.

ಸದ್ದು ತಲುಪದಿರುವ ಸಾಲು ಈ ಅಬಿಲಿಟಿಯ ಜೀವ. ಡ್ಯಾಮೇಜಿಗೆ ಅದರಿಂದ ಒಂದು ಅಂಕಿಯೂ ಸೇರುವುದಿಲ್ಲ. ಆದರೆ ಶತ್ರುಗಳು ಸರದಿಯಲ್ಲಿ ಒಬ್ಬರ ಹಿಂದೊಬ್ಬರು ಬರುತ್ತಲೇ ಇರಬೇಕು ಎಂಬುದನ್ನು ಈಗ ನೀವಲ್ಲ, ಅವಳು ತೀರ್ಮಾನಿಸಿದ್ದಾಳೆ. ಹೋದವರು ಯಾರೂ ಮರಳಲಿಲ್ಲವಲ್ಲ ಎಂದು ಸರದಾರನಿಗೆ ಅನುಮಾನ ಬರಲು ಎಷ್ಟು ರೌಂಡ್ ಬೇಕು ಎಂದು ಮೊದಲೇ ಬರೆದಿಟ್ಟುಕೊಳ್ಳಿ. 1 ನಿಮಿಷ ಎಂದರೆ 10 ರೌಂಡ್. ಮಂದಬುದ್ಧಿಯವರಿಗೆ ಪೂರ್ತಿ 10, ಪಳಗಿದ ದಂಡಿಗೆ 4 ಸಾಕು.

ಇನ್ನು ನಿಮ್ಮ ಲೋಕಕ್ಕೇ ಸೇರಿದ ಒಂದು ವಿಷಯ. ಚಿತ್ರದುರ್ಗದ್ದು ಏಳು ಸುತ್ತಿನ ಕೋಟೆ. ಬಾಗಿಲಿನ ಹಿಂದೆ ತಿರುವು, ತಿರುವಿನ ಹಿಂದೆ ಬಾಗಿಲು, ನಡುವೆ ಬಂಡೆಗಳ ಸಂದಿ. ಅಂಥ ಮ್ಯಾಪಿನಲ್ಲಿ ಅವಳಿಗೆ ಪ್ರತಿ ಕಾಳಗದಲ್ಲೂ ಕಿಂಡಿ ಸಿಗುತ್ತದೆ. ಜಾಗದ ಮಿತಿ ಮಿತಿಯೇ ಅಲ್ಲ. ದಾವಣಗೆರೆ ಸುತ್ತಲಿನಂಥ ಬಯಲಿನಲ್ಲಿ ಅದೇ ಅಬಿಲಿಟಿ ಇಡೀ ದಿನ ಮೂಲೆಯಲ್ಲಿ ಕೂತಿರುತ್ತದೆ. ಆದ್ದರಿಂದ ನಿಮ್ಮ ಮುಂದಿನ ಸೆಷನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೋಟೆಯೊಳಗೇ ನಡೆಯುವುದಾದರೆ ಶಾರ್ಟ್ ರೆಸ್ಟ್ ತೆಗೆದು ಲಾಂಗ್ ರೆಸ್ಟ್ ಮಾತ್ರ ಇಡಿ. ಬಯಲು ಹೆಚ್ಚಿದ್ದರೆ ಈಗಿರುವಂತೆಯೇ ಇರಲಿ. ಬೇರೆಯವರ ಅಬಿಲಿಟಿಯನ್ನು ಹಾಗೇ ಎತ್ತಿಕೊಂಡು ಬಂದರೆ ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ: ಅದರ ಬೆಲೆ ಕಟ್ಟಿದವರ ಮ್ಯಾಪ್ ಬೇರೆ, ನಿಮ್ಮ ಮ್ಯಾಪ್ ಬೇರೆ.

ರೆಸ್ಟಿನ ಬಗ್ಗೆಯೂ ಒಂದು ಮಾತು. 2014ರ ನಿಯಮಗಳು ಒಂದು ದಿನದಲ್ಲಿ 6ರಿಂದ 8 ಕಾಳಗ, ನಡುವೆ ಎರಡು ಶಾರ್ಟ್ ರೆಸ್ಟ್ ಎಂಬ ಲೆಕ್ಕದ ಮೇಲೆ ನಿಂತಿವೆ. ಭಾನುವಾರದ ಆಟದಲ್ಲಿ ಒಂದು ದಿನಕ್ಕೆ ಒಂದೋ ಎರಡೋ ಕಾಳಗ ಆಗುತ್ತದೆ. ಆಗ 'ದಿನಕ್ಕೊಮ್ಮೆ' ಎಂದರೆ 'ಪ್ರತಿ ಕಾಳಗಕ್ಕೆ' ಎಂದೇ ಅರ್ಥ, ನಿಮ್ಮ ವೀರಾವೇಶ ಕೈತಪ್ಪಿದ್ದರಲ್ಲಿ ಇದರ ಪಾಲೂ ಇದೆ. ಎರಡು ಪರಿಹಾರ. ಆಟದಲ್ಲಿ 8 ಗಂಟೆಯ ವಿಶ್ರಾಂತಿಯನ್ನು ಶಾರ್ಟ್ ರೆಸ್ಟ್, 7 ದಿನದ್ದನ್ನು ಲಾಂಗ್ ರೆಸ್ಟ್ ಎಂದು ಎಣಿಸುವ ಐಚ್ಛಿಕ ನಿಯಮ ಡಿಎಂ ಕೈಪಿಡಿಯಲ್ಲೇ ಇದೆ. ಮುತ್ತಿಗೆಯ ಕಥೆಗೆ ಅದು ಚೆನ್ನಾಗಿ ಹೊಂದುತ್ತದೆ. ಅದು ಬೇಡವೆಂದರೆ ಸ್ವಂತ ಅಬಿಲಿಟಿಗಳಿಗೆ ಮಾತ್ರ 'ಎರಡು ಸೆಷನ್ನಿಗೆ ಒಮ್ಮೆ' ಎಂದು ಬರೆಯಿರಿ. ಒರಟಾಗಿ ಕೇಳಿಸಿದರೂ ಯಾರೂ ಇದರಿಂದ ನುಣುಚಿಕೊಳ್ಳಲಾರರು.

ರೋಗ್ ವಿಷಯಕ್ಕೆ ಬರೋಣ. ಗೋಡೆ ಹತ್ತುವುದು ಲೆವೆಲ್ 17ರ ಕೆಲಸವಲ್ಲ. ಸ್ಪೈಡರ್ ಕ್ಲೈಂಬ್ 2ನೇ ಲೆವೆಲ್‌ನ ಸ್ಪೆಲ್, ಲೆವೆಲ್ 3ರ ವಿಝರ್ಡ್ ಅದನ್ನು ಹಾಕಿ ಒಂದು ಗಂಟೆ ಸೂರಿನ ಮೇಲೂ ನಡೆಯಬಲ್ಲ. ಥೀಫ್ ರೋಗ್‌ಗೆ ಲೆವೆಲ್ 3ರಲ್ಲೇ ಏರಲು ಹೆಚ್ಚಿನ ನಡಿಗೆ ತಗುಲದ ಅಬಿಲಿಟಿ ಸಿಗುತ್ತದೆ, 17ರಲ್ಲಿ ಕಾಳಗದ ಮೊದಲ ರೌಂಡಿನಲ್ಲಿ ಎರಡು ಸರದಿ. ಯಾವುದೇ ಹೊಸ ಅಬಿಲಿಟಿ ಬರೆದಾಗ ಅದೇ ಕೆಲಸ ಮಾಡುವ ಸ್ಪೆಲ್ ಯಾವ ಲೆವೆಲ್‌ನದ್ದು ಎಂದು ನೋಡಿ. 6ಕ್ಕಿಂತ ಕೆಳಗಿದ್ದರೆ ಅದು 17ಕ್ಕೆ ಸಾಲದು, ಸುಮ್ಮನೆ ಸಣ್ಣ ಸೌಲಭ್ಯವಾಗಿ ಮೊದಲೇ ಕೊಟ್ಟುಬಿಡಿ.

ನಿಮ್ಮ ಗೋಡೆ ಹತ್ತುವವನ ಅಂಕಿ ಇಲ್ಲದ ವಾಕ್ಯ ಬಹುಶಃ ಇದು: "ಇವನು ಒಳಹೊಗಲಾರದ ಕೋಟೆ ಇಲ್ಲ." ಅದನ್ನು ನಿಯಮ ಮಾಡಿದರೆ:

ಕಳ್ಳದಾರಿ (ರೋಗ್, ಲೆವೆಲ್ 17). ಒಂದು ಕೋಟೆ, ಸೆರೆಮನೆ ಅಥವಾ ಅರಮನೆಯನ್ನು 1 ಗಂಟೆ ಗಮನಿಸಿದ ಮೇಲೆ, ಕಾವಲಿನವರು ಮರೆತ ದಾರಿಯೊಂದು ಅದಕ್ಕಿದೆ ಎಂದು ಹೇಳಬಹುದು. ದಾರಿ ಎಂಥದ್ದು ಎಂದು ನೀವು ಹೇಳುತ್ತೀರಿ, ಒಳಗೆ ಎಲ್ಲಿ ತೆರೆದುಕೊಳ್ಳುತ್ತದೆ ಎಂದು ಡಿಎಂ ಹೇಳುತ್ತಾರೆ. ಮುಂದಿನ ಸೂರ್ಯೋದಯದವರೆಗೆ ನೀವು ಮತ್ತು ನಿಮ್ಮ ಹಿಂದೆ ಬರುವ 6 ಜನರವರೆಗೆ ಯಾವ ರೋಲ್ ಇಲ್ಲದೆ ಅದರಲ್ಲಿ ಹೋಗಿಬರಬಹುದು. ಒಳಗೆ ಕೂಗೆದ್ದರೆ ದಾರಿ ಮುಚ್ಚುತ್ತದೆ. ಒಂದು ಜಾಗಕ್ಕೆ ಒಮ್ಮೆ ಮಾತ್ರ, ಮತ್ತು ಲಾಂಗ್ ರೆಸ್ಟಿಗೆ ಒಮ್ಮೆ.

ಅಂಕಿ ಕಡಿಮೆ, ಹಕ್ಕು ದೊಡ್ಡದು. ಗೋಡೆಯಲ್ಲಿ 20 ಅಡಿ ಆಳದ ದಾರಿ ಕೊರೆಯುವ ಪಾಸ್‌ವಾಲ್ 5ನೇ ಲೆವೆಲ್, ಟೆಲಿಪೋರ್ಟ್ 7ನೇ ಲೆವೆಲ್. ಇದು ಅವೆರಡರ ನಡುವೆ, ಮಾಂತ್ರಿಕ ರಕ್ಷಣೆಗಳಿಗೂ ಸಿಗದೆ ಹಾದುಹೋಗುತ್ತದೆ. ಕಥೆ ಹಾಳಾಗುತ್ತದೆ ಎಂದು ಹೆದರಬೇಡಿ, ಎಲ್ಲಿ ತೆರೆದುಕೊಳ್ಳುತ್ತದೆ ಎಂಬುದು ನಿಮ್ಮ ಕೈಯಲ್ಲಿದೆ. ಪ್ರತಿ ಕೋಟೆಗೂ ಇಂಥ ಮೂರು ಜಾಗ ಮೊದಲೇ ಗುರುತು ಹಾಕಿಟ್ಟುಕೊಳ್ಳಿ. ದುರ್ಗದ ಮಾದರಿಯಲ್ಲಿ ಹೊಂಡದಿಂದ ಹೊಂಡಕ್ಕೆ ನೀರು ಹರಿಯುವ ಕಾಲುವೆ ಇದೆ, ದಿಡ್ಡಿ ಬಾಗಿಲುಗಳಿವೆ, ಬಂಡೆಯ ಸಂದಿಗಳಿವೆ. ತೆರೆದುಕೊಳ್ಳಲು ಕಣಜ, ಎಣ್ಣೆಕೊಳ, ಸಿಡಿಮದ್ದು ಬೀಸುವ ಕಲ್ಲಿನ ಮನೆ. ಮದ್ದಿನ ಮನೆಯಲ್ಲಿ ಹೊರಬಿದ್ದ ಪಾರ್ಟಿ ಏನು ಮಾಡುತ್ತದೆ ಎಂಬುದೇ ಒಂದು ಸೆಷನ್.

ವಿಝರ್ಡ್, ಕ್ಲೆರಿಕ್ ಇಬ್ಬರಿಗೂ ಈಗ ಹೊಸದೇನೂ ಬೇಡ. ಲೆವೆಲ್ 17ರಲ್ಲಿ 9ನೇ ಲೆವೆಲ್‌ನ ಸ್ಪೆಲ್ ಬಂದಿದೆ, ಕ್ಲೆರಿಕ್‌ಗೆ ಡೊಮೇನ್ (ಕ್ಲೆರಿಕ್‌ನ ಸಬ್‌ಕ್ಲಾಸ್) ಅಬಿಲಿಟಿಯೂ ಬಂದಿದೆ. ಕೇಳಿದರೆ ಇರುವ ಸ್ಪೆಲ್‌ಗೆ ನಿಮ್ಮ ಲೋಕದ ರೂಪ ಕೊಡಿ: ಉಲ್ಕೆಯ ಬದಲು ಬೆಟ್ಟದ ಬಂಡೆಗಳು ಉರುಳಲಿ, ದಾಳ ಅಷ್ಟೇ ಇರಲಿ.

ಮುಂದೆ ಸೇವ್ ಇರುವ ಅಬಿಲಿಟಿ ಬರೆದರೆ, ಡಿಸಿ 8 + ಪ್ರೊಫಿಷಿಯೆನ್ಸಿ + ಮಾಡಿಫೈಯರ್, ಅಂದರೆ 19. ಅದರಾಚೆ ಏರಿಸಬೇಡಿ. ಯಾವ ಸೇವ್ ಎಂಬುದು ಡಿಸಿಗಿಂತ ಮುಖ್ಯ. ಅದೇ ಡ್ರ್ಯಾಗನ್ನಿಗೆ ಕಾನ್ಸ್ಟಿಟ್ಯೂಷನ್ ಸೇವ್ +13, ಶೇ 75 ಸಲ ಪಾರಾಗುತ್ತದೆ. ಡೆಕ್ಸ್ +6, ಶೇ 40 ಮಾತ್ರ. ಜೊತೆಗೆ ದಿನಕ್ಕೆ ಮೂರು ಲೆಜೆಂಡರಿ ರೆಸಿಸ್ಟೆನ್ಸ್, ಅಂದರೆ ಸೋತ ಸೇವ್ ಅನ್ನು ಗೆದ್ದಂತೆ ಎಣಿಸುವ ಹಕ್ಕು. 'ಸೇವ್ ತಪ್ಪಿದರೆ ಕಲ್ಲಾಗುತ್ತದೆ, ಇಲ್ಲದಿದ್ದರೆ ಏನೂ ಇಲ್ಲ' ಎಂದು ಬರೆದರೆ ದೊಡ್ಡ ಶತ್ರುವಿನ ಎದುರು ಅದು ಮೂರು ಸಲ ವ್ಯರ್ಥ, ಆಡುವವರಿಗೆ ರೇಗುತ್ತದೆ. ಸೇವ್ ಗೆದ್ದರೂ ಒಂದು ಸಣ್ಣ ಪರಿಣಾಮ ಉಳಿಯಲಿ, ಒಂದು ಸರದಿ ವೇಗ ಅರ್ಧವಾಗುವಂಥದ್ದು.

2024ರ ನಿಯಮಗಳಿಗೆ ಹೋಗುವ ಆಲೋಚನೆ ಇದ್ದರೆ ಈ ಅಬಿಲಿಟಿಗಳನ್ನು ಕೊಡುವ ಮೊದಲೇ ಹೋಗಿ. ಅಲ್ಲಿ ಎಲ್ಲರಿಗೂ ಲೆವೆಲ್ 19ರಲ್ಲಿ ಎಪಿಕ್ ಬೂನ್ ಎಂಬ ದೊಡ್ಡ ವರ ಬರುತ್ತದೆ. ಎರಡನ್ನೂ ಬೆರೆಸಿದರೆ ಮೇಲೆ ಹಾಕಿದ ಲೆಕ್ಕ ನಿಲ್ಲುವುದಿಲ್ಲ.

ಕೊಡುವ ಮುನ್ನ ಕ್ಯಾಂಪೇನಿನ ಹೊರಗೆ ಮೂರು ಪರೀಕ್ಷಾ ಕಾಳಗ ಆಡಿಸಿ. ಒಂದು, ಡ್ರ್ಯಾಗನ್ ಒಂಟಿಯಾಗಿ. ಎರಡು, 5 ಅಡಿಯ ಕಿಂಡಿಗೆ 20 ಗಾರ್ಡ್, 4 ನೈಟ್, ಹಿಂದೆ ಒಬ್ಬ ಗ್ಲ್ಯಾಡಿಯೇಟರ್. ಮೂರು, ಒಂದು ಬಾಗಿಲೂ ಇಲ್ಲದ ಬಯಲು. ಮೊದಲನೆಯದು ನಾಲ್ಕು ರೌಂಡಿಗಿಂತ ಬೇಗ ಮುಗಿಯಬಾರದು. ಎರಡನೆಯದರಲ್ಲಿ ಅವಳೇ ನಾಯಕಿಯಾಗಬೇಕು, ಆದರೆ ಉಳಿದ ಮೂವರಿಗೂ ಪ್ರತಿ ರೌಂಡ್ ಮಾಡಲು ಕೆಲಸವಿರಬೇಕು. ಮೂರನೆಯದರಲ್ಲಿ ಅಬಿಲಿಟಿ ಕೆಲಸಕ್ಕೆ ಬರದಿದ್ದರೂ ಅವಳ ಮೂರು ಏಟು, ಸರ್ಜ್ ಸಾಕಾಗಬೇಕು.

ವೀರಾವೇಶವನ್ನು ಹಿಂದಕ್ಕೆ ಪಡೆಯುವ ದಿನವೇ ಕಿಂಡಿ ಕಾವಲನ್ನು ಕೊಡಿ, ಲೆವೆಲ್ 18 ಆಗಲು ಎರಡು ಸೆಷನ್ ಬಾಕಿ ಇದ್ದರೂ ಅಡ್ಡಿಯಿಲ್ಲ. ಮೂರು ಸೆಷನ್ ಪ್ರಯೋಗ, ಆಮೇಲೆ ತಿದ್ದುತ್ತೇವೆ ಎಂದು ಅವಳಿಗೆ ಮೊದಲೇ ಹೇಳಿ. ಜೋರಾಯಿತು ಎನಿಸಿದರೆ ಮೊದಲು ಎಷ್ಟು ಸಲ ಎಂಬುದನ್ನು ಇಳಿಸಿ, ಅದೂ ಸಾಲದಿದ್ದರೆ 1 ನಿಮಿಷವನ್ನು 5 ರೌಂಡ್ ಮಾಡಿ, ಕೊನೆಗೆ 40ಕ್ಕೆ ಕೈ ಹಾಕಿ. ಸದ್ದಿನ ಸಾಲನ್ನು ಮಾತ್ರ ಮುಟ್ಟಬೇಡಿ. ಒಂದು ಸಲಕ್ಕೆ ಒಂದೇ ತಿದ್ದುಪಡಿ ಮಾಡಿ, ಎರಡು ಸೆಷನ್ ಆಡಿ ನೋಡಿದ ಮೇಲೆ ಮುಂದಿನದು.